ಕೊಲೊಸಿಯಂ ಬಳಿ ಇಟಲಿಯ ಊಟ: ಮೊಟ್ಟೆ ತಿನ್ನದ ಮಲೆನಾಡಿನ ಮನೆಯವರು ಎಲ್ಲಿ ಕೂರಬೇಕು, ಏನು ಕೇಳಬೇಕು?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಈ ಸಲದ ಕೊಯ್ಲು, ಸುಲಿತ ಮುಗಿಸಿ ಫೆಬ್ರವರಿ ಕೊನೆಯ ವಾರದಲ್ಲಿ ನಾನು, ನನ್ನ ಹೆಂಡತಿ ಮತ್ತು 73 ವರ್ಷದ ನನ್ನ ತಾಯಿ ಇಟಲಿಗೆ ಹೊರಟಿದ್ದೇವೆ. ಮಗಳು ಅಲ್ಲಿ ಓದುತ್ತಿದ್ದಾಳೆ. ರೋಮ್‌ನಲ್ಲಿ ನಾಲ್ಕು ದಿನ ಇರುತ್ತೇವೆ. ಕೊಲೊಸಿಯಂ ಹತ್ತಿರ ಅಡುಗೆಮನೆಯಿರುವ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಗೊತ್ತುಮಾಡಿದ್ದೇವೆ. ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ತಾಯಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಆದರೆ ಅಷ್ಟು ದೂರ ಹೋಗಿ ಅವಲಕ್ಕಿ ತಿಂದು ಬರುವುದು ಬೇಡ, ಆ ಊರಿನ ಊಟವನ್ನೇ ಉಣ್ಣೋಣ ಎಂದು ಅವರೇ ಹೇಳುತ್ತಿದ್ದಾರೆ. ಅಷ್ಟು ಜನ ಸೇರುವ ಜಾಗದಲ್ಲಿ ಮೋಸಹೋಗದೆ ಒಳ್ಳೆಯ ಇಟಾಲಿಯನ್ ಊಟ ಎಲ್ಲಿ ಸಿಗುತ್ತದೆ?

ಉತ್ತರ: ತಮ್ಮ ತಾಯಿಯವರ ಮಾತು ಓದಿ ನನಗೆ ಬಹಳ ಸಂತೋಷವಾಯಿತು. ಆ ವಯಸ್ಸಿನಲ್ಲಿ ಹೊಸ ಊರಿನ ಅನ್ನವನ್ನು ಹಾಗೆ ಮನಸಾರೆ ಬಯಸುವವರು ಕಡಿಮೆ. ಆ ಆಸೆಗೆ ಭಂಗ ಬಾರದಂತೆ, ಅವರ ನಿಷ್ಠೆಗೂ ಭಂಗ ಬಾರದಂತೆ ಈ ನಾಲ್ಕು ದಿನಗಳ ಊಟ ನಡೆಯಬೇಕು. ರೋಮ್‌ನ ಅಡುಗೆಮನೆಗಳಲ್ಲಿ ಏಳು ವರ್ಷ ದುಡಿದು ಶಿವಮೊಗ್ಗಕ್ಕೆ ಮರಳಿದವನಾಗಿ ಹೇಳುತ್ತೇನೆ: ಇದು ಖಂಡಿತ ಸಾಧ್ಯ. ಕೊಲೊಸಿಯಂಗೆ ಮುಖಮಾಡಿ ನಿಂತ ಹೋಟೆಲುಗಳಲ್ಲಿ ಊಟಕ್ಕೆ ಕೂರಬೇಡಿ, ಹತ್ತು ನಿಮಿಷ ನಡೆದು ಮೊಂತಿ ಎಂಬ ಹಳೆಯ ಕೇರಿಗೆ ಹೋಗಿ. ಎಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆದರೆ ತಮ್ಮಂಥ ಮನೆಯವರಿಗೆ ಯಾವ ಹೋಟೆಲು ಎಂಬುದಕ್ಕಿಂತ ಯಾವ ಪದಾರ್ಥ ಎಂಬುದೇ ದೊಡ್ಡ ಪ್ರಶ್ನೆ, ಆದ್ದರಿಂದ ಉತ್ತರದ ಹೆಚ್ಚು ಪಾಲು ಅದಕ್ಕೇ ಮೀಸಲು.

ಮೊದಲು ಜಾಗದ ವಿಚಾರ. ಯಾವುದೇ ಹೆಸರಾಂತ ಪ್ರವಾಸಿ ತಾಣದ ಎದುರಿನ ಹೋಟೆಲಿಗೆ ಬರುವ ಗಿರಾಕಿ ಬಹುಪಾಲು ಜೀವಮಾನದಲ್ಲಿ ಒಮ್ಮೆ ಬರುವವನು. ಊಟ ಚೆನ್ನಾಗಿದ್ದರೂ ಅವನು ನಾಳೆ ಬರುವುದಿಲ್ಲ, ಕೆಟ್ಟದ್ದಾಗಿದ್ದರೂ ನಾಳೆ ಬೇರೊಬ್ಬ ಬರುತ್ತಾನೆ. ಬಾಡಿಗೆ ಮಾತ್ರ ಊರಿನಲ್ಲೇ ಅತಿ ಹೆಚ್ಚು. ಈ ಲೆಕ್ಕಾಚಾರದಲ್ಲಿ ಅಡುಗೆಯ ಮೇಲೆ ಖರ್ಚು ಮಾಡುವುದಕ್ಕೆ ಕಾರಣವೇ ಉಳಿಯುವುದಿಲ್ಲ, ಹಾಗಿದ್ದೂ ಮಾಡುವವರು ಇದ್ದರೆ ಅದು ಅವರ ದೊಡ್ಡತನ. ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವ ಆಳು, ಆರು ಭಾಷೆಯ ಮೆನು, ತಿಂಡಿಯ ಬಣ್ಣದ ಚಿತ್ರಗಳು, ಬೆಳಗಿನಿಂದ ರಾತ್ರಿಯವರೆಗೆ ಎಡೆಬಿಡದೆ ತೆರೆದಿರುವ ಅಡುಗೆಮನೆ: ಇವು ಒಟ್ಟಿಗೆ ಕಂಡಲ್ಲಿ ಮುಂದಕ್ಕೆ ನಡೆಯಿರಿ. ನನ್ನ ವೃತ್ತಿಯಿಂದ ಕಲಿತ ಇನ್ನೊಂದು ಗುರುತನ್ನೂ ಹೇಳಿಬಿಡುತ್ತೇನೆ. ಒಣ ಪಾಸ್ತಾ ಕುದಿಯುವ ನೀರಿನಲ್ಲಿ ಬೇಯಲು ಹತ್ತು ಹನ್ನೆರಡು ನಿಮಿಷ ಬೇಕು, ಆಮೇಲೆ ಬಾಣಲೆಯಲ್ಲಿ ಸಾಸಿನೊಡನೆ ಒಂದೆರಡು ನಿಮಿಷ ಕೈಯಾಡಿಸಬೇಕು. ಹೇಳಿದ ನಾಲ್ಕೈದು ನಿಮಿಷಕ್ಕೇ ತಟ್ಟೆ ಮುಂದೆ ಬಂತೆಂದರೆ ಅದು ಮೊದಲೇ ಅರ್ಧ ಬೇಯಿಸಿಟ್ಟದ್ದು. ಒಳ್ಳೆಯ ಮನೆಯಲ್ಲಿ ಕಾಯಬೇಕಾಗುತ್ತದೆ, ಕಾಯುವುದರಲ್ಲಿ ಬೇಸರ ಬೇಡ.

ಮೊಂತಿಗೆ ಹೋಗುವ ದಾರಿಯನ್ನು ತಾಯಿಯವರ ಮೊಣಕಾಲು ನೆನಪಿಟ್ಟುಕೊಂಡು ಹೇಳುತ್ತೇನೆ. ಕೊಲೊಸಿಯಂ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಮೇಲಕ್ಕೆ ಹೋಗುವ ಮೆಟ್ಟಿಲುಗಳಿವೆ; ಅವು ಹತ್ತಿರದ ದಾರಿಯಾದರೂ ಬೇಡ. ಫೋರಿ ಇಂಪೆರಿಯಾಲಿ ಎಂಬ ಅಗಲವಾದ ರಸ್ತೆಯಲ್ಲಿ ಸಮತಟ್ಟಾಗಿ ನಡೆದು, ಬಲಕ್ಕೆ ಕವೂರ್ ರಸ್ತೆ ಸೇರುವ ಮೂಲೆಗೆ ಬನ್ನಿ. ಅಲ್ಲೇ ಹತ್ತಿರದಿಂದ ಮದೊನ್ನಾ ದೇಯ್ ಮೊಂತಿ ಎಂಬ ಕಿರಿದಾದ ಕಲ್ಲುಹಾಸಿನ ಬೀದಿ ಶುರುವಾಗಿ, ನಡುವೆ ಕಾರಂಜಿಯಿರುವ ಒಂದು ಪುಟ್ಟ ಚೌಕಕ್ಕೆ ಕರೆದೊಯ್ಯುತ್ತದೆ. ಆ ಚೌಕ, ಸೆರ್ಪೆಂತಿ ಬೀದಿ, ಉರ್ಬಾನಾ ಬೀದಿ, ಪಾನಿಸ್ಪೆರ್ನಾ ಬೀದಿ, ಇಷ್ಟರ ನಡುವೆ ತಮ್ಮ ನಾಲ್ಕು ದಿನದ ಊಟಕ್ಕೆ ಬೇಕಾದುದೆಲ್ಲ ಇದೆ. ಹೆಸರು ಹಿಡಿದು ಹೇಳಬೇಕೆಂದರೆ ಮದೊನ್ನಾ ದೇಯ್ ಮೊಂತಿ ಬೀದಿಯ ಆರಂಭದಲ್ಲೇ ಇರುವ ಲಾ ತವೆರ್ನಾ ದೇಯ್ ಫೋರಿ ಇಂಪೆರಿಯಾಲಿ ನನಗೆ ಮೆಚ್ಚುಗೆಯಾದದ್ದು. ಒಂದೇ ಕುಟುಂಬದವರು ನಡೆಸುವ ಸಣ್ಣ ಜಾಗವಾದ್ದರಿಂದ ಮುಂಗಡವಾಗಿ ಮೇಜು ಹೇಳಿಟ್ಟಿರಬೇಕು. ಮಗಳು ಇಟಾಲಿಯನ್ ಮಾತನಾಡುವವಳಾದರೆ ಫೋನು ಅವಳೇ ಮಾಡಲಿ, ಮೊಟ್ಟೆ ಮತ್ತು ಬೆಳ್ಳುಳ್ಳಿಯ ವಿಚಾರವನ್ನು ಆಗಲೇ ತಿಳಿಸಲಿ. ಮಧ್ಯಾಹ್ನ ಒಂದೂವರೆಯ ಗದ್ದಲದಲ್ಲಿ ಕೇಳಿದರೆ ಸಿಗುವ ಉತ್ತರಕ್ಕೂ, ಹಿಂದಿನ ದಿನ ಸಮಾಧಾನದಲ್ಲಿ ಕೇಳಿದರೆ ಸಿಗುವ ಉತ್ತರಕ್ಕೂ ಬಹಳ ವ್ಯತ್ಯಾಸವಿದೆ.

ಆ ದಾರಿಯಲ್ಲಿ ನಡೆಯುವಾಗ ಎಡಗಡೆಗೆ ಮೂರು ಭಾರಿ ಕಮಾನುಗಳ ಒಂದು ಪಾಳು ಕಟ್ಟಡ ಕಾಣುತ್ತದೆ. ಅದು ನಾಲ್ಕನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮಾಕ್ಸೆಂಟಿಯಸ್‌ನ ಸಭಾಭವನ. ಅದಕ್ಕೂ ಮೊದಲು, ಒಂದನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಡೊಮಿಷಿಯನ್ ಆ ಸ್ಥಳದಲ್ಲಿ ಕಟ್ಟಿಸಿದ್ದು ಹೊರ್ರೇಯ ಪಿಪೆರಟಾರಿಯ, ಅಂದರೆ ಮೆಣಸಿನ ಉಗ್ರಾಣ. ನಮ್ಮ ಪಶ್ಚಿಮ ಘಟ್ಟದ ಸಾಲಿನಲ್ಲಿ ಬೆಳೆದು, ಮಲಬಾರಿನ ಬಂದರುಗಳಿಂದ ಹಡಗು ಹತ್ತಿ, ಕೆಂಪು ಸಮುದ್ರ ದಾಟಿ ಹೋದ ಕಾಳುಮೆಣಸು ಅಲ್ಲಿ ಸಂಗ್ರಹವಾಗುತ್ತಿತ್ತು. ಖಾರವೊಂದನ್ನು ಬಿಟ್ಟರೆ ಬೇರೇನೂ ಗುಣವಿಲ್ಲದ ಈ ಕಾಳಿಗಾಗಿ ಭಾರತದವರೆಗೆ ಹೋಗಬೇಕೇ ಎಂದು ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟ. ಆದರೂ ರೋಮನರ ನಾಲಿಗೆ ಅದನ್ನು ಬಿಡಲಿಲ್ಲ. 408ರಲ್ಲಿ ವಿಸಿಗೋಥರೆಂಬ ಜರ್ಮನಿಕ್ ಜನಾಂಗದ ದೊರೆ ಅಲಾರಿಕ್ ನಗರವನ್ನು ಮುತ್ತಿದಾಗ ಕೇಳಿದ ಕಪ್ಪದಲ್ಲಿ ಚಿನ್ನ ಬೆಳ್ಳಿಯ ಜೊತೆಗೆ 3,000 ಪೌಂಡು ಮೆಣಸೂ ಇತ್ತು. ಜೋಗದಿಂದ ಕೆಳಗೆ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಇದಾಗಿ ಸಾವಿರ ವರ್ಷಕ್ಕೂ ಆಚೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದವರು ತಾವು. ಆ ಕಮಾನುಗಳ ಎದುರು ಒಂದು ಕ್ಷಣ ನಿಂತು ತಾಯಿಯವರಿಗೆ ಇದನ್ನು ಹೇಳಿ.

ಇದನ್ನು ಹೇಳಲು ಇನ್ನೊಂದು ಕಾರಣವಿದೆ. ಆ ಉಗ್ರಾಣದಿಂದ ಕೂಗಳತೆಯಲ್ಲಿರುವ ಮೊಂತಿಯ ಮೆನುಗಳಲ್ಲಿ ರೋಮ್‌ನ ಅತ್ಯಂತ ಪ್ರಸಿದ್ಧ ಮಾಂಸರಹಿತ ಪಾಸ್ತಾ ಕಾಣುತ್ತದೆ: ಕಾಚೊ ಎ ಪೆಪೆ, ಚೀಸ್ ಮತ್ತು ಕಾಳುಮೆಣಸು. ಕುಟ್ಟಿದ ಮೆಣಸನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಪಾಸ್ತಾ ಬೆಂದ ಗಂಜಿಯಂಥ ನೀರನ್ನು ಸುರಿದು, ತುರಿದ ಪೆಕೊರಿನೊ ರೊಮಾನೊ ಚೀಸನ್ನು ಗಂಟಾಗದಂತೆ ಕದಡಿ ಮಾಡುವ ಪದಾರ್ಥ. ಬೆಣ್ಣೆಯಿಲ್ಲ, ಕೆನೆಯಿಲ್ಲ, ಬೆಳ್ಳುಳ್ಳಿಯಿಲ್ಲ, ಈರುಳ್ಳಿಯಿಲ್ಲ. ಕೇಳಿದ ಕೂಡಲೇ ಇದು ತಾಯಿಯವರಿಗೆಂದೇ ಹುಟ್ಟಿದ್ದು ಎನಿಸುತ್ತದೆ. ಆದರೆ ಎರಡು ವಿಚಾರಗಳನ್ನು ಮುಚ್ಚಿಟ್ಟು ಇದನ್ನು ಶಿಫಾರಸು ಮಾಡುವುದು ನನ್ನಿಂದಾಗದು.

ಮೊದಲನೆಯದು ಸುಲಭ. ಇದನ್ನು ಬಹಳ ಕಡೆ ತೊನ್ನರೆಲ್ಲಿ ಎಂಬ ದಪ್ಪ ಶ್ಯಾವಿಗೆಯಂಥ ಹಸಿ ಪಾಸ್ತಾದಲ್ಲಿ ಮಾಡುತ್ತಾರೆ, ಅದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಫೆತ್ತುಚೀನೆ, ರವಿಯೋಲಿ, ಲಸಾನ್ಯಾಗಳೂ ಹಾಗೆಯೇ. ಒಣ ಪಾಸ್ತಾದ ಕಥೆ ಬೇರೆ: 1967ರಿಂದಲೂ ಇಟಲಿಯ ಕಾನೂನಿನ ಪ್ರಕಾರ ಅದನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. ರವೆ ಮತ್ತು ನೀರು, ಅಷ್ಟೇ. ಮೊಟ್ಟೆ ಹಾಕಿದ್ದರೆ ಮೊಟ್ಟೆಯ ಪಾಸ್ತಾ ಎಂದು ಬೇರೆಯಾಗಿಯೇ ನಮೂದಿಸಬೇಕು. ಆದ್ದರಿಂದ ತೊನ್ನರೆಲ್ಲಿಯ ಬದಲು ಸ್ಪಾಗೆಟ್ಟಿ ಅಥವಾ ರಿಗತೋನಿ ಎಂಬ ಒಣ ಪಾಸ್ತಾ ಹಾಕಿಕೊಡಿ ಎಂದು ಕೇಳಿ. ಯಾವ ಒಳ್ಳೆಯ ಅಡುಗೆಯವನೂ ಇದಕ್ಕೆ ಬೇಸರಪಡುವುದಿಲ್ಲ.

ಎರಡನೆಯದು ಸುಲಭವಲ್ಲ. ಪೆಕೊರಿನೊ ರೊಮಾನೊ ಕುರಿಯ ಹಾಲಿನ ಚೀಸ್. ಅದರ ಹಾಲಿಗೆ ಹಾಕುವ ಹೆಪ್ಪು ಕುರಿಮರಿಯ ಜಠರದಿಂದ ತೆಗೆದದ್ದು, ಅದಕ್ಕೆ ರೆನೆಟ್ ಎನ್ನುತ್ತಾರೆ. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ಜಠರದ ರೆನೆಟ್ ಹಾಕುವುದು ಆ ಚೀಸಿನ ನಿಯಮಾವಳಿಯಲ್ಲೇ ಕಡ್ಡಾಯವಾಗಿದೆ. ಗ್ರಾನಾ ಪದಾನೊದಲ್ಲಿ ಕರುವಿನ ರೆನೆಟ್ ಜೊತೆಗೆ ಮೊಟ್ಟೆಯಿಂದ ತೆಗೆದ ಲೈಸೊಜೈಮ್ ಎಂಬ ವಸ್ತುವೂ ಸಾಮಾನ್ಯವಾಗಿ ಇರುತ್ತದೆ. ಕರುವನ್ನೋ ಮರಿಯನ್ನೋ ಕೊಂದ ಮೇಲೆಯೇ ಈ ಹೆಪ್ಪು ಸಿಗುವುದು. ಇಟಲಿಯಲ್ಲಿ ಸಸ್ಯಾಹಾರಿ ಎಂದು ಹೇಳಿಕೊಳ್ಳುವವರಲ್ಲೂ ಅನೇಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ, ತಾವು ಸಸ್ಯಾಹಾರಿಗಳೆಂದು ಹತ್ತು ಸಲ ಹೇಳಿದರೂ ಈ ಚೀಸು ತಟ್ಟೆಗೆ ಬರುತ್ತದೆ, ಬಡಿಸುವವನ ಮನಸ್ಸಿನಲ್ಲಿ ಕಿಂಚಿತ್ತೂ ಕಪಟವಿರುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ನೋವು ಕಾರಣ. ನಾನು ರೋಮ್‌ನಲ್ಲಿದ್ದ ಎರಡನೆಯ ವರ್ಷ ನನ್ನ ಸೋದರಮಾವ ಬಂದಿದ್ದರು, ಹೊಸನಗರದ ಕಡೆಯವರು, ಹೊರಗೆ ನೀರನ್ನೂ ಯೋಚಿಸಿ ಕುಡಿಯುವಂಥವರು. ಊರು ಸುತ್ತಿ ದಣಿದು ಒಂದು ಹೋಟೆಲಿನಲ್ಲಿ ಕೂತೆವು. ತರಕಾರಿ ಸೂಪು, ಬರೀ ತರಕಾರಿ ಎಂದರು. ನಾನೂ ನಂಬಿ ಮಾವನಿಗೆ ಹೇಳಿದೆ. ಅವರು ಸಂತೋಷದಿಂದ ಎರಡು ಬಟ್ಟಲು ಕುಡಿದರು. ಹೊರಡುವಾಗ ಅಡುಗೆಯವನೊಡನೆ ಮಾತಿಗೆ ನಿಂತಾಗ ತಿಳಿಯಿತು, ಆ ಸೂಪಿನ ಒಗ್ಗರಣೆಯೇ ಹಂದಿಯ ಕೊಬ್ಬಿನದು. ಮಾವನಿಗೆ ಹೇಳಲೇಬೇಕಿತ್ತು, ಹೇಳಿದೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮಿಕ್ಕ ಮೂರು ದಿನ ಬಾಳೆಹಣ್ಣು, ಹಾಲು ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಇಂಥ ಪ್ರಶ್ನೆಗೆ ಅರ್ಧ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ.

ಆದ್ದರಿಂದ ನನ್ನ ವಿನಂತಿ ಇದು: ಚೀಸಿನ ವಿಚಾರವನ್ನು ವಿಮಾನ ಹತ್ತುವ ಮೊದಲು, ತೀರ್ಥಹಳ್ಳಿಯ ಮನೆಯ ಜಗಲಿಯಲ್ಲೇ ತಾಯಿಯವರ ಮುಂದಿಟ್ಟು ತೀರ್ಮಾನಿಸಿಕೊಳ್ಳಿ. ಅವರು ಆಗಬಹುದು ಎಂದರೆ ರೋಮ್‌ನ ಅರ್ಧ ಮೆನು ತಮ್ಮದು. ಬೇಡ ಎಂದರೂ ಉಪವಾಸವೇನಿಲ್ಲ, ದಾರಿಗಳು ಬೇರೆ. ತೀರ್ಮಾನ ಮಾತ್ರ ಅವರದಾಗಿರಲಿ. ಅವರಿಗೆ ಗೊತ್ತಾಗದಿದ್ದರೆ ಆಯಿತಲ್ಲ ಎಂಬ ದಾರಿಯನ್ನು ದಯವಿಟ್ಟು ಹಿಡಿಯಬೇಡಿ.

ಚೀಸು ಬೇಡವೆಂದರೆ ಮೊದಲ ಆಸರೆ ಪಿಜ್ಜಾ ಮರಿನಾರಾ. ಹೆಸರು ಕಡಲಿನದಾದರೂ ಅದರಲ್ಲಿ ಮೀನಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಇಷ್ಟೇ. ಪಿಜ್ಜಾದ ಹಿಟ್ಟಿಗೆ ಮೊಟ್ಟೆ ಸೇರುವುದಿಲ್ಲ. ಬೆಳ್ಳುಳ್ಳಿಯನ್ನು ಪಿಜ್ಜಾದ ಮೇಲೆ ಆಗಷ್ಟೇ ಹೆಚ್ಚಿ ಹಾಕುವುದರಿಂದ ಬೇಡವೆಂದು ಹೇಳಿದರೆ ಬಿಡಬಲ್ಲರು, ಆದರೆ ಟೊಮೆಟೊ ರಸಕ್ಕೆ ಮೊದಲೇ ಬೆರೆಸಿದ್ದಾರೆಯೇ ಎಂದು ಒಮ್ಮೆ ಕೇಳಬೇಕು. ಇದು ಎಲ್ಲ ಪದಾರ್ಥಕ್ಕೂ ಅನ್ವಯಿಸುವ ಮಾತು: ಆ ಕ್ಷಣದಲ್ಲಿ ಬಾಣಲೆಗೆ ಬೀಳುವ ಬೆಳ್ಳುಳ್ಳಿಯನ್ನು ತಡೆಯಬಹುದು, ಬೆಳಿಗ್ಗೆಯೇ ಕುದಿಸಿಟ್ಟ ಸಾಸಿನೊಳಗಿನದನ್ನು ತೆಗೆಯಲಾಗದು. ಟೊಮೆಟೊ ಸಾಸಿನ ಪಾಸ್ತಾ ತಾಯಿಯವರಿಗೆ ಅಷ್ಟು ಭದ್ರವಲ್ಲದಿರುವುದು ಇದರಿಂದಲೇ. ತಮಗೂ ತಮ್ಮ ಪತ್ನಿಗೂ ಮಾತ್ರ ಪೆನ್ನೆ ಅರ್‍ರಬ್ಯಾತಾ ಬಹಳ ಒಪ್ಪುತ್ತದೆ. ಒಣ ಪಾಸ್ತಾ, ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ರೋಮ್‌ನ ಸೀಮೆಯದೇ ಆದ ಖಾರದ ಅಡುಗೆ. ಮೇಲೆ ಉದುರಿಸುವ ಚೀಸು ಬೇಡವೆನ್ನಬಹುದು.

ತಾಯಿಯವರಿಗೆ ಎಲ್ಲಿ ಬೇಕಾದರೂ ಸಿಗುವ, ಆದರೆ ಎಷ್ಟೋ ಸಲ ಮೆನುವಿನಲ್ಲಿ ಕಾಣಿಸದ ಒಂದು ಪದಾರ್ಥವಿದೆ: ಪಾಸ್ತಾ ಇನ್ ಬಿಯಾಂಕೊ, ಅಂದರೆ ಬಿಳಿ ಪಾಸ್ತಾ. ನಮ್ಮಲ್ಲಿ ಜ್ವರ ಬಿಟ್ಟವರಿಗೆ ಗಂಜಿ ಇದ್ದಂತೆ ಅವರಲ್ಲಿ ಮಕ್ಕಳಿಗೂ ಹೊಟ್ಟೆ ಸರಿಯಿಲ್ಲದವರಿಗೂ ಇದು. ಬೇಯಿಸಿದ ಸ್ಪಾಗೆಟ್ಟಿಗೆ ಒಳ್ಳೆಯ ಆಲಿವ್ ಎಣ್ಣೆ ಅಥವಾ ಬೆಣ್ಣೆ, ಬೇಕೆಂದರೆ ಚೀಸು. ವಯಸ್ಸಾದ ತಾಯಿಗೆ ಎಂದು ಹೇಳಿದರೆ ಇಟಲಿಯ ಯಾವ ಅಡುಗೆಮನೆಯೂ ಇದನ್ನು ಮಾಡಿಕೊಡದೆ ಕಳಿಸದು. ಎಣ್ಣೆ, ಉಪ್ಪು, ಮೇಲೆ ಹೊಸದಾಗಿ ಬೀಸಿದ ಕಾಳುಮೆಣಸು ಹಾಕಿಸಿ. ಚೀಸು ಬೇಡವೆಂದು ತೀರ್ಮಾನಿಸಿದವರಿಗೂ ಆ ಉಗ್ರಾಣದ ಊಟ ದಕ್ಕಿದಂತಾಗುತ್ತದೆ. ಬೆಳಗಿನ ಹಸಿವಿಗೆ ಪಿಜ್ಜಾ ಬಿಯಾಂಕಾ ಇದೆ. ಬೇಕರಿಯಲ್ಲಿ ಉದ್ದಕ್ಕೆ ಸುಟ್ಟು, ಎಣ್ಣೆ ಸವರಿ, ಹರಳುಪ್ಪು ಉದುರಿಸಿದ ರೊಟ್ಟಿ; ಕತ್ತರಿಸಿ ತೂಕಕ್ಕೆ ಕೊಡುತ್ತಾರೆ. 100 ಗ್ರಾಮಿಗೆ ಅವರು ಎತ್ತೊ ಎನ್ನುತ್ತಾರೆ, ಎರಡು ಎತ್ತೊ ಒಬ್ಬರಿಗೆ ಸಾಕು. ಕೆಲವು ಬೇಕರಿಗಳು ಹಿಟ್ಟಿಗೆ ಹಂದಿಕೊಬ್ಬು ಸೇರಿಸುವುದುಂಟು, ಅದರ ಹೆಸರು ಸ್ತ್ರುತ್ತೊ. ಆ ಪದವನ್ನು ನೆನಪಿಟ್ಟುಕೊಂಡು ಕೇಳಿ.

ಈಗ ತಾವು ಹೋಗುವ ತಿಂಗಳಿನ ಭಾಗ್ಯದ ಮಾತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರೋಮ್‌ನ ಸುತ್ತಣ ಹೊಲಗಳ ಕಾರ್ಚೊಫಿ, ನಾವು ಆರ್ಟಿಚೋಕ್ ಎನ್ನುವ ಆ ದುಂಡು ಮೊಗ್ಗು, ಒಳ್ಳೆಯ ಹದದಲ್ಲಿರುತ್ತದೆ. ಅದನ್ನು ಮಾಡುವ ಎರಡು ಪ್ರಸಿದ್ಧ ಕ್ರಮಗಳಲ್ಲಿ ರೋಮನ್ ರೀತಿಯದಕ್ಕೆ ಬೆಳ್ಳುಳ್ಳಿ, ಪುದಿನ ತುಂಬಿ ಮುಚ್ಚಿದ ಪಾತ್ರೆಯಲ್ಲಿ ಬೇಯಿಸುತ್ತಾರೆ. ಯಹೂದಿ ರೀತಿಯದಕ್ಕೆ, ಅಲ್ಲಾ ಜೂದಿಯಾ ಎಂಬುದಕ್ಕೆ, ಉಪ್ಪು ಮೆಣಸು ಬಿಟ್ಟು ಬೇರೇನೂ ಹಾಕದೆ ಇಡೀ ಮೊಗ್ಗನ್ನು ಎರಡು ಸಲ ಎಣ್ಣೆಯಲ್ಲಿ ಕರಿಯುತ್ತಾರೆ. ಎರಡನೆಯ ಸಲ ಅದು ಸೇವಂತಿಗೆಯಂತೆ ಅರಳಿ ಹೊರಗಿನ ಎಸಳುಗಳು ಸಂಡಿಗೆಯಂತೆ ಗರಿಗರಿಯಾಗುತ್ತವೆ, ನಡುವಿನ ತಿರುಳು ಬೆಂದ ಹಲಸಿನ ಬೀಜದ ಹಾಗೆ ಮೆತ್ತಗಿರುತ್ತದೆ. ಮೊಟ್ಟೆಯಿಲ್ಲ, ಚೀಸಿಲ್ಲ, ಬೆಳ್ಳುಳ್ಳಿಯಿಲ್ಲ. ಹಳೆಯ ರೋಮ್‌ನ ನಿಜವಾದ ಅಡುಗೆಗಳಲ್ಲಿ ತಮ್ಮ ತಾಯಿಯವರು ಯಾವ ಅಳುಕೂ ಇಲ್ಲದೆ ತಿನ್ನಬಹುದಾದದ್ದು ಇದೊಂದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಎಣ್ಣೆಯ ಬಗ್ಗೆ ಒಂದು ಪ್ರಶ್ನೆ ಕೇಳಿದ ಮೇಲೆ.

ಆ ಪ್ರಶ್ನೆ ಏನೆಂದರೆ, ಇದೇ ಎಣ್ಣೆಯಲ್ಲಿ ಮೀನನ್ನೂ ಕರಿಯುತ್ತೀರಾ? ರೋಮ್‌ನಲ್ಲಿ ಬಕ್ಕಲಾ ಎಂಬ ಉಪ್ಪುಮೀನಿನ ತುಂಡನ್ನು ಕರಿಯುವುದು ಬಹಳ ರೂಢಿ, ಹಲವೆಡೆ ಬಾಣಲೆ ಒಂದೇ. ಇದಕ್ಕೆ ಯೋಗ್ಯ ಜಾಗವೆಂದರೆ ಹಳೆಯ ಯಹೂದಿ ಕೇರಿ, ಕೊಲೊಸಿಯಂನಿಂದ ಸುಮಾರು ಒಂದೂವರೆ ಕಿಲೋಮೀಟರ್. ತಾಯಿಯವರನ್ನು ನಡೆಸಬೇಡಿ, ಟ್ಯಾಕ್ಸಿ ಹಿಡಿಯಿರಿ. 1555ರಲ್ಲಿ ಪೋಪ್ ನಾಲ್ಕನೆಯ ಪಾಲ್ ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ ಕೇರಿಯದು. ಆ ಇಕ್ಕಟ್ಟಿನಲ್ಲಿ ಬದುಕಿದವರ ಕೈಯಲ್ಲಿ ಈ ಅಡುಗೆ ಬೆಳೆಯಿತು. ಅಲ್ಲಿನ ಪೋರ್ತಿಕೊ ದೊತ್ತಾವಿಯಾ ಬೀದಿಯ ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಹೋಟೆಲುಗಳು ತಮಗೆ ಬಹಳ ಉಪಯುಕ್ತ, ಏಕೆಂದರೆ ಯಹೂದಿ ಆಚಾರದಲ್ಲಿ ಮಾಂಸವನ್ನೂ ಹಾಲನ್ನೂ ಒಂದೇ ಅಡುಗೆಮನೆಯಲ್ಲಿ ಕೂಡಿಸುವಂತಿಲ್ಲ. ಹಾಲಿನ ಅಡುಗೆಯ ಕೋಷರ್ ಹೋಟೆಲಿನ ಒಳಗೆ ಮಾಂಸವಾಗಲಿ ಹಂದಿಕೊಬ್ಬಾಗಲಿ ಕಾಲಿಡುವುದಿಲ್ಲ. ಮೀನು, ಮೊಟ್ಟೆ ಮಾತ್ರ ಇರಬಹುದು, ಆದ್ದರಿಂದ ಬಾಣಲೆಯ ಪ್ರಶ್ನೆಯನ್ನು ಅಲ್ಲಿಯೂ ಕೇಳಿ. ಮಡಿ, ಮುಸುರೆಯ ಅರ್ಥ ಬಲ್ಲ ತಾಯಿಯವರಿಗೆ ಪಾತ್ರೆಗಳನ್ನೂ ಬೇರೆಯಿಡುವ ಆ ಜನರ ಶಿಸ್ತು ಬೇಗ ಅರ್ಥವಾಗುತ್ತದೆ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಅವು ಮುಚ್ಚಿರುತ್ತವೆ.

ತರಕಾರಿಯದೆಂದು ಕಂಡು ಮೋಸಮಾಡುವ ಪದಾರ್ಥಗಳ ಬಗ್ಗೆ ಎಚ್ಚರ ಬೇಕು. ಕುಂಬಳದ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಫಿಯೋರಿ ದಿ ಝುಕ್ಕಾ ನಮ್ಮ ಕುಂಬಳಹೂವಿನ ಬಜ್ಜಿಯಂತೆಯೇ ಕಾಣುತ್ತದೆ, ಒಳಗೆ ಮೊತ್ಸರೆಲ್ಲಾ ಚೀಸಿನೊಡನೆ ಉಪ್ಪಿನಲ್ಲಿಟ್ಟ ಸಣ್ಣ ಮೀನು ಅಡಗಿರುತ್ತದೆ. ಆ ಮೀನಿನ ಹೆಸರು ಅಚ್ಚೂಗೆ, ಕೆಲವೆಡೆ ಅಲಿಚಿ. ಚಳಿಗಾಲದ ಪುಂತರೆಲ್ಲೆ ಎಂಬ ಸೊಪ್ಪಿನ ದಂಟಿನ ಕೋಸಂಬರಿಗೂ ಅದೇ ಮೀನನ್ನು ಅರೆದು ಹಾಕುತ್ತಾರೆ. ಸುಪ್ಲಿ ಎಂಬ ಅನ್ನದ ಬೋಂಡದ ಒಳಗೆ ಸಾಮಾನ್ಯವಾಗಿ ಮಾಂಸದ ರಸ ಬೆರೆತಿರುತ್ತದೆ. ಮಿನೆಸ್ತ್ರೋನೆ ಎಂಬ ತರಕಾರಿ ಸೂಪಿನ ಕಥೆ ಹೇಳಿಯಾಯಿತು. ಪನ್ನಾ ಕೊತ್ತಾ ಎಂಬ ಸಿಹಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್‌ನಿಂದ ಗಟ್ಟಿಯಾಗುತ್ತದೆ, ತಿರಮಿಸುವಿನಲ್ಲಿ ಹಸಿ ಮೊಟ್ಟೆಯಿದೆ. ಸಿಹಿಗೆ ಸೊರ್ಬೆತ್ತೊ ಎಂಬ ಹಣ್ಣಿನ ರಸದ ಐಸ್ ಒಳ್ಳೆಯದು. ಇವೆಲ್ಲದರ ನಡುವೆ ಚಿಕೋರಿಯಾ ಎಂಬ ಕಹಿ ಸೊಪ್ಪಿನ ಪಲ್ಯವನ್ನು ತಾವಿಬ್ಬರೂ ತಪ್ಪದೆ ಕೇಳಿ. ಬೆಳ್ಳುಳ್ಳಿ, ಮೆಣಸಿನಕಾಯಿಯ ಒಗ್ಗರಣೆಯಲ್ಲಿ ಬಾಡಿಸಿದ್ದು, ಮಲೆನಾಡಿನ ಸೊಪ್ಪಿನ ರುಚಿ ಗೊತ್ತಿದ್ದವರ ನಾಲಿಗೆಗೆ ಹತ್ತಿರವಾದದ್ದು.

ಕೇಳುವಾಗ ಕಾನೂನು ತಮ್ಮ ಪರವಾಗಿದೆ ಎಂಬುದು ಗೊತ್ತಿರಲಿ. ಐರೋಪ್ಯ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ಪ್ರತಿಯೊಂದು ಹೋಟೆಲೂ ಅಲರ್ಜಿ ಉಂಟುಮಾಡುವ 14 ಬಗೆಯ ವಸ್ತುಗಳು ಯಾವ ತಿಂಡಿಯಲ್ಲಿವೆ ಎಂಬುದನ್ನು ಗಿರಾಕಿಗೆ ತಿಳಿಸಲೇಬೇಕು. ಮೊಟ್ಟೆ ಮತ್ತು ಮೀನು ಆ ಪಟ್ಟಿಯಲ್ಲಿವೆ. ಅಲ್ಲೆರ್ಜೆನಿ ಪಟ್ಟಿ ಕೊಡಿ ಎಂದರೆ ತೋರಿಸುತ್ತಾರೆ. ತಮ್ಮ ಅರ್ಧ ಚಿಂತೆ ಅಲ್ಲಿಗೇ ತೀರುತ್ತದೆ. ಮಾಂಸ, ರೆನೆಟ್, ಬೆಳ್ಳುಳ್ಳಿ ಆ ಪಟ್ಟಿಯಲ್ಲಿಲ್ಲ, ಅವನ್ನು ಬಾಯಿಬಿಟ್ಟೇ ಕೇಳಬೇಕು. ಸೆನ್ಸಾ ಎಂದರೆ ಇಲ್ಲದೆ: ಸೆನ್ಸಾ ವೋವೊ, ಮೊಟ್ಟೆಯಿಲ್ಲದೆ, ಸೆನ್ಸಾ ಆಲ್ಯೊ, ಬೆಳ್ಳುಳ್ಳಿಯಿಲ್ಲದೆ, ಸೆನ್ಸಾ ಕಾರ್ನೆ, ಮಾಂಸವಿಲ್ಲದೆ. ಚೀಸಿನ ಅಂಗಡಿಯಲ್ಲಿ ಕಾಲ್ಯೊ ವೆಜೆತಾಲೆ, ಅಂದರೆ ಸಸ್ಯದ ಹೆಪ್ಪು, ಎಂದು ಕೇಳಿ. ರೋಮ್‌ನ ಸುತ್ತಿನಲ್ಲೇ ಕಾಚೊಫಿಯೋರೆ ಎಂಬ ಕುರಿಹಾಲಿನ ಚೀಸನ್ನು ಕಾಡು ಆರ್ಟಿಚೋಕಿನ ಹೂವಿನ ರಸದಿಂದ ಹೆಪ್ಪುಗಟ್ಟಿಸುತ್ತಾರೆ. ಒಂದನೆಯ ಶತಮಾನದ ಕೃಷಿ ಲೇಖಕ ಕೊಲುಮೆಲ್ಲಾ ಬಣ್ಣಿಸಿದ ವಿಧಾನವದು. ಅದು ಸಿಕ್ಕರೆ ಒಂದು ತುಂಡು ಮನೆಗೆ ಒಯ್ದು, ಸ್ಪಾಗೆಟ್ಟಿ ಬೇಯಿಸಿ, ಮೆಣಸು ಕುಟ್ಟಿ, ತಾವೇ ತಾಯಿಯವರಿಗೆ ಕಾಚೊ ಎ ಪೆಪೆ ಮಾಡಿಕೊಡಬಹುದು. ಆ ಚೀಸು ಮೆತ್ತಗಿನದಾದ್ದರಿಂದ ಹೋಟೆಲಿನ ಹದ ಬಾರದು, ಆದರೆ ಮನಸ್ಸಿಗೆ ಅಳುಕಿರದು.

ಬೇರೆ ಜಾಗಗಳ ಬಗ್ಗೆ ಚುಟುಕಾಗಿ. ಕೊಲೊಸಿಯಂನ ಹಿಂಬದಿ ಚೇಲಿಯೊ ಕಡೆ, ಸಾಂತಿ ಕ್ವಾತ್ರೊ ಬೀದಿಯಲ್ಲಿ ಲಿ ರಿಯೊನಿ ಎಂಬ ಪಿಜ್ಜಾದ ಮನೆಯಿದೆ, ರಾತ್ರಿಯ ಊಟಕ್ಕೆ ಹೋಗಬೇಕು. ರೋಮ್‌ನ ತೆಳು ಗರಿಗರಿ ಪಿಜ್ಜಾ ಅಲ್ಲಿ ಚೆನ್ನಾಗಿ ಸಿಗುತ್ತದೆ. ಮೆಟ್ರೊದಲ್ಲಿ ಎರಡು ನಿಲ್ದಾಣ ಆಚೆಯ ಪಿರಮಿದೆಯಲ್ಲಿ ಇಳಿದರೆ ತೆಸ್ತಾಚೊ. 1975ರವರೆಗೆ ನಗರದ ಕಸಾಯಿಖಾನೆ ಇದ್ದ ಕೇರಿಯಾದ್ದರಿಂದ ಅಲ್ಲಿನ ಹೋಟೆಲುಗಳ ಹೆಮ್ಮೆಯೇ ಮಾಂಸದ ಅಡುಗೆ. ತಾಯಿಯವರನ್ನು ಅಲ್ಲಿ ಊಟಕ್ಕೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ವ್ಯಾಟಿಕನ್ ನೋಡುವ ದಿನ ಚಿಪ್ರೊ ಮೆಟ್ರೊ ಹತ್ತಿರದ ಪಿಜ್ಜಾರಿಯುಂನಲ್ಲಿ ಕತ್ತರಿಸಿ ತೂಗಿ ಕೊಡುವ ತರಕಾರಿ ಪಿಜ್ಜಾ ನೋಡಿ. ಪೂರ್ತಿ ಸಸ್ಯಾಹಾರಿ ಹೋಟೆಲೇ ಬೇಕೆಂದರೆ ಮಾರ್ಗುತ್ತಾ ಬೀದಿಯಲ್ಲಿ 1979ರಿಂದ ಇರುವ ಇಲ್ ಮಾರ್ಗುತ್ತಾ ಇದೆ. ಬೆಲೆ ಹೆಚ್ಚು, ಮೊಟ್ಟೆ ಮತ್ತು ಬೆಳ್ಳುಳ್ಳಿಯ ಪ್ರಶ್ನೆ ಅಲ್ಲಿಯೂ ಕೇಳಬೇಕು, ಆದರೆ ಮಾಂಸದ ಬಾಣಲೆಯ ಚಿಂತೆಯಿಲ್ಲ.

ಬಿಲ್ಲಿನ ವಿಚಾರ. ಇಟಲಿಯ ಹಲವೆಡೆ ಕೊಪೆರ್ತೊ ಎಂಬ ಮೇಜಿನ ಶುಲ್ಕ ಹಾಕುತ್ತಾರೆ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರ ಕಾನೂನಿನಲ್ಲಿ ಅದನ್ನು ನಿಷೇಧಿಸಿತ್ತು. ಬ್ರೆಡ್ಡಿಗೆ ಬೆಲೆ ಹಾಕಬಹುದು, ತಾವು ಕೇಳದೆ ತಂದಿಟ್ಟ ಬ್ರೆಡ್ಡು ಬೇಡವಾದರೆ ಮೊದಲೇ ವಿನಯದಿಂದ ಹಿಂದಿರುಗಿಸಿ. ಟಿಪ್ಸ್ ಕಡ್ಡಾಯವಲ್ಲ. ಕುಡಿಯುವ ನೀರಿಗೆ ಬೀದಿಗಳಲ್ಲಿ ನಸೋನಿ ಎಂಬ ಎರಕದ ಕಬ್ಬಿಣದ ನಲ್ಲಿಗಳಿವೆ, 1874ರಿಂದ ಇಟ್ಟವು, ಈಗ ಸುಮಾರು 2,500. ಹಗಲಿರುಳು ಹರಿಯುವ ಆ ನೀರು ತಣ್ಣಗೆ, ಶುದ್ಧವಾಗಿರುತ್ತದೆ, ಬಾಟಲಿ ಜೊತೆಗಿರಲಿ. ಕಾಫಿಯನ್ನು ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ತರಿಸಿದರೆ ಇನ್ನೊಂದು. ಕೊಲೊಸಿಯಂ ಎದುರು ಈ ಅಂತರ ಬಹಳ ದೊಡ್ಡದು. ಆದರೂ ಆ ಭವ್ಯ ಗೋಡೆಯನ್ನು ನೋಡುತ್ತ ಒಮ್ಮೆ ಕೂರಬೇಕೆಂದು ತಾಯಿಯವರಿಗೆ ಆಸೆಯಾದರೆ ಕೂರಿಸಿ, ಕಾಫಿ ಮಾತ್ರ ಹೇಳಿ, ಕೂತದ್ದಕ್ಕೇ ಆ ಹಣ ಎಂದು ತಿಳಿದು ಕೊಡಿ. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳ ಸಾಲಿನಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಆ ಪುಟ್ಟ ಬಟ್ಟಲಿನಲ್ಲಿ ಚಿಕ್ಕಮಗಳೂರಿನ ಕಡೆಯ ಬೀಜವೂ ಬೆರೆತಿರಬಹುದು.

ಕೊನೆಯದಾಗಿ ಹೊತ್ತಿನ ಮಾತು. ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಶುರುವಾಗಿ ಮೂರರೊಳಗೆ ಮುಗಿಯುತ್ತದೆ, ರಾತ್ರಿಯದು ಏಳೂವರೆಗೆ ಮೊದಲು ಸಿಗುವುದಿಲ್ಲ. ದೀಪ ಹಚ್ಚಿದ ಮೇಲೆ ಬೇಗ ಉಂಡು ಮಲಗುವ ತಾಯಿಯವರಿಗೆ ಇದು ತಡ. ಆದ್ದರಿಂದ ಹೋಟೆಲಿನ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು, ರಾತ್ರಿಗೆ ತಮ್ಮ ಬಾಡಿಗೆ ಮನೆಯಲ್ಲೇ ಅನ್ನ ಮಾಡಿ. ವಿತ್ತೋರಿಯೊ ಚೌಕದ ಹತ್ತಿರದ ಎಸ್ಕ್ವಿಲೀನೊ ಮಾರುಕಟ್ಟೆಯಲ್ಲೂ ಸುತ್ತಲಿನ ಭಾರತೀಯ, ಬಾಂಗ್ಲಾದೇಶಿ ಅಂಗಡಿಗಳಲ್ಲೂ ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸಿಗುತ್ತವೆ. ಮಾರುಕಟ್ಟೆಗೆ ಭಾನುವಾರ ರಜೆ. ಶನಿವಾರ ಇಳಿಯುವುದಾದರೆ ಮಧ್ಯಾಹ್ನದೊಳಗೇ ಒಮ್ಮೆ ಹೋಗಿಬನ್ನಿ, ಮೊದಲ ರಾತ್ರಿಯ ಅನ್ನ ಮೊಸರಿಗೆ ತೊಂದರೆಯಾಗದು.